ಆಡುಗೋಡಿಯ ಹಾಲಿನ ಪಾಠ

ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲಿ ಶುರುವಾದ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆಯೆಂದರೆ ನನಗೆ ಬಹಳ ಗೌರವ. ಆರೋಗ್ಯ ಸುಧಾರಿಸಿಕೊಳ್ಳಲು 1927ರಲ್ಲಿ ನಮ್ಮ ನಾಡಿಗೆ ಬಂದಿದ್ದ ಗಾಂಧೀಜಿ, ಐವತ್ತೇಳರ ವಯಸ್ಸಿನಲ್ಲಿ, ಇಲ್ಲಿ ದನ ಸಾಕುವ ಪಾಠ ಕಲಿತರು. ಅಮೆರಿಕಕ್ಕೆ ಹೊರಡುವ ಮುನ್ನ ವರ್ಗೀಸ್ ಕುರಿಯನ್ ಕೂಡ ಇಲ್ಲಿ ತರಬೇತಿ ಪಡೆದರು.

ಹಾಲು ಕರೆಯುವುದು ಯಾರಿಗೆ ಬರುವುದಿಲ್ಲ ಎಂದು ಕೇಳುವವರಿದ್ದಾರೆ. ಹೆಬ್ಬೆರಳು ಮಡಚಿ ಎಳೆದರೆ ಮೊಲೆತೊಟ್ಟಿಗೆ ಪೆಟ್ಟು. ಇಡೀ ಮುಷ್ಟಿಯಲ್ಲಿ ಹಿಡಿದು ಒತ್ತಬೇಕು. ಕೆಚ್ಚಲು ತೊಳೆದು ಸವರಿದಾಗ ಹಸು ತೊರೆಬಿಡುತ್ತದೆ. ಆ ತೊರೆ ಐದಾರು ನಿಮಿಷವಷ್ಟೇ. ಅಷ್ಟರೊಳಗೆ ಕರೆದು ಮುಗಿಸಬೇಕು. ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿದರೆ, ಗರಣೆ ಕಂಡಾಗಲೇ ಕೆಚ್ಚಲು ಬಾವಿನ ಸುಳಿವು ಸಿಗುತ್ತದೆ. ಇಷ್ಟು ಸೂಕ್ಷ್ಮವಾದ ಕೈಕಸುಬಿಗೆ ಒಂದು ಪ್ರಮಾಣಪತ್ರ ಸಲ್ಲಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

1955ರಲ್ಲಿ ಈ ಸಂಸ್ಥೆಯ ಮುಖ್ಯ ಕಚೇರಿ ಕರ್ನಾಲ್‌ಗೆ ಹೋಯಿತು; ಆಡುಗೋಡಿ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು. ಇಂದು ಕಲಿಯುವವರು ಬೆಂಗಳೂರಿಗೇ ಬರಬೇಕಿಲ್ಲ. ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಹೈನು, ಆಡು, ಕೋಳಿ ಸಾಕಾಣಿಕೆಯ ಕಿರು ತರಬೇತಿಗಳು ನಡೆಯುತ್ತವೆ. ಹಟ್ಟಿ ಕಟ್ಟುವ ಆಲೋಚನೆಯಿದ್ದರೆ, ಸಾಲಕ್ಕೆ ಅರ್ಜಿ ಹಾಕುವ ಮೊದಲು ಅಲ್ಲಿಗೆ ಹೋಗಿ ವಿಚಾರಿಸಿ.