ನಕ್ಷತ್ರಪಟದಲ್ಲಿ ಕಾಣದ ಭಾಷೆ

ಕಂಪ್ಯೂಟರ್ ಆಟವೆಂದರೆ ಮಕ್ಕಳ ಓದು ಕೆಡಿಸುವ ಚಟ ಎಂಬ ಒಂದು ಮಾತಿನಲ್ಲಿ ನಮ್ಮ ಮನೆಗಳಲ್ಲಿ ವಿಚಾರ ಮುಗಿದುಬಿಡುತ್ತದೆ. ಆದರೆ ಆ ಆಟಗಳಲ್ಲಿ ಒಂದು ಪ್ರಕಾರವನ್ನಾದರೂ, ಕಾದಂಬರಿಯನ್ನು ವಿಮರ್ಶಿಸುವಷ್ಟೇ ಗಂಭೀರವಾಗಿ ಗಡಿನಾಡ ಕನ್ನಡಿಗರು ಪರಿಶೀಲಿಸಬೇಕಾಗಿದೆ. ಅದು ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಆಟ. ಯಾರೋ ಎಳೆದ ನಕ್ಷೆಯ ಗೆರೆಗಳ ನಡುವೆ ಬದುಕುವವರಿಗೆ ಅದು ಬರೀ ಆಟವಾಗಿ ಕಾಣಲಾರದು.

1983ರ 'ರೀಚ್ ಫಾರ್ ದಿ ಸ್ಟಾರ್ಸ್' ಈ ಪ್ರಕಾರದ ಆದಿಕೃತಿಗಳಲ್ಲೊಂದು. 1993ರಲ್ಲಿ 'ಮಾಸ್ಟರ್ ಆಫ್ ಓರಿಯನ್' ಬಂದಾಗ ಅಲನ್ ಎಮ್ರಿಚ್ ಎಂಬ ವಿಮರ್ಶಕರು ಇಂಥ ಆಟದ ಲಕ್ಷಣವನ್ನು 'ಎಕ್ಸ್' ಧ್ವನಿಯ ನಾಲ್ಕು ಇಂಗ್ಲಿಷ್ ಕ್ರಿಯಾಪದಗಳಲ್ಲಿ ಹೇಳಿದರು. ಅಂದಿನಿಂದ 'ಫೋರ್ ಎಕ್ಸ್' ಎಂಬ ಹೆಸರು ನಿಂತಿತು. ಕನ್ನಡದಲ್ಲಿ ಅವು ನಾಲ್ಕು ಹಕಾರಗಳಾಗುತ್ತವೆ: ಹುಡುಕು, ಹಬ್ಬು, ಹಿಂಡು, ಹೊಸಕು.

ಕಲಿಯಲು ಸುಲಭದ ಆಟವಲ್ಲ. 'ಓರಿಯನ್'ನಲ್ಲಿ ಪ್ರತಿ ಗ್ರಹದ ದುಡಿಮೆಯನ್ನು ಹಡಗು, ರಕ್ಷಣೆ, ಕೈಗಾರಿಕೆ, ಪರಿಸರ, ಸಂಶೋಧನೆ ಎಂಬ ಐದು ಬಾಬತ್ತುಗಳಿಗೆ ಹಂಚಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದು ಸೊರಗುತ್ತದೆ. ಬ್ಯಾಂಕಿನ ಲೆಡ್ಜರಿನೊಡನೆ ದಿನ ಕಳೆಯುವ ನನ್ನಂಥವರಿಗೆ ಈ ವಿದ್ಯೆ ಬೇಗ ಒಗ್ಗುತ್ತದೆ. ಇಂದಿನ ಖರ್ಚಿಗೆ ನಾಳೆ ಬರುವ ಫಲವನ್ನು ತೂಗಿ ನೋಡುವ ತಾಳ್ಮೆಯನ್ನು ಅದು ಕಲಿಸುತ್ತದೆಂಬುದನ್ನು ಒಪ್ಪಲೇಬೇಕು.

ಆದರೆ ಈ ಲೆಡ್ಜರ್ ಯಾರದು? 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಕಂಪನಿಯ ಕೈಸೇರಿತು. ಕೂಡಲೇ ಅಲೆಕ್ಸಾಂಡರ್ ರೀಡ್, ಥಾಮಸ್ ಮನ್ರೋ ಮೊದಲಾದವರು ಕೃಷ್ಣಗಿರಿ ಸೀಮೆಯ ಹೊಲಗಳನ್ನು ಅಳೆದು ಕಂದಾಯ ಗೊತ್ತುಮಾಡಲು ಬಂದರು. 1799ರಲ್ಲಿ ಹೊಸೂರು ಭಾಗವೂ ಸೇರಿತು. ಮೊದಲು ಹುಡುಕು, ಆಮೇಲೆ ಹಿಂಡು. ನಮ್ಮ ಪೂರ್ವಜರು ಅಂದು ಕುಳಿತಿದ್ದುದು ಆಟಗಾರನ ಕುರ್ಚಿಯಲ್ಲಲ್ಲ. ಅವರು ಅಳೆಸಿಕೊಂಡ ಗ್ರಹದಲ್ಲಿದ್ದರು.

ಇದಕ್ಕೆ ಆಟದ ಅಭಿಮಾನಿಗಳು ಕೊಡುವ ಉತ್ತರವನ್ನೂ ಕೇಳೋಣ. ಚದುರಂಗವೂ ಯುದ್ಧವೇ, ಅದನ್ನು ಯಾರು ಆಕ್ಷೇಪಿಸಿದರು ಎನ್ನುತ್ತಾರೆ. ನಾಲ್ಕನೆಯ ಹಕಾರ ಕಡ್ಡಾಯವಲ್ಲ ಎಂದೂ ವಾದಿಸುತ್ತಾರೆ. 'ಓರಿಯನ್'ನಲ್ಲಿ ಮಹಾಸಭೆಯ ಮೂರರಲ್ಲಿ ಎರಡು ಭಾಗ ಮತ ಪಡೆದೂ ಗೆಲ್ಲಬಹುದು. ಎರಡನೆಯ ಮಾತು ನಿಜ. ಮೊದಲನೆಯದು ನಿಲ್ಲುವುದಿಲ್ಲ. ಚದುರಂಗದ ಮನೆಗಳಲ್ಲಿ ಒಕ್ಕಲಿಲ್ಲ. ಇಲ್ಲಿಯ ಪ್ರತಿ ಗ್ರಹದಲ್ಲೂ ಜನಸಂಖ್ಯೆ ಬರೆದಿರುತ್ತದೆ. ಜನರನ್ನು ಎಣಿಸುವ ಆಟ ಜನರ ಪ್ರಶ್ನೆಗೂ ಉತ್ತರಿಸಬೇಕು.

1996ರ 'ಓರಿಯನ್' ಎರಡನೆಯ ಭಾಗ ಉತ್ತರಿಸಲು ಯತ್ನಿಸಿತು. ಗೆದ್ದ ಗ್ರಹದ ಜನ ಮೊದಲು ಒಲ್ಲದವರಾಗಿರುತ್ತಾರೆ, ದಂಗೆಯನ್ನೂ ಏಳಬಹುದು. ಸರದಿಗಳು ಉರುಳಿದಂತೆ ಒಂದೊಂದು ಪಾಲು 'ನಮ್ಮವರು' ಆಗುತ್ತದೆ. ಪ್ರಜಾಪ್ರಭುತ್ವವಿದ್ದರೆ ಇನ್ನೂ ಬೇಗ. 2016ರ ಸ್ವೀಡನ್ನಿನ 'ಸ್ಟೆಲ್ಲಾರಿಸ್' ಇನ್ನೂ ಮುಂದೆ ಹೋಗಿ, ಯಾವ ಜನಕ್ಕೆ ಯಾವ ಹಕ್ಕು ಎಂಬುದನ್ನೂ ಆಟಗಾರನ ಮುಂದಿಡುತ್ತದೆ. ಆದರೆ ಅಲ್ಲಿ ಭಾಷೆ ಎಂಬುದು ಹೊಸ ಜನ ಎದುರಾದಾಗ ಒಮ್ಮೆ ಬಿಡಿಸುವ ಒಗಟು ಮಾತ್ರ. ಸಂಪರ್ಕ ಕೂಡಿಬಂದ ಮೇಲೆ ಎಲ್ಲರೂ ಒಂದೇ ನುಡಿಯಲ್ಲಿ ಮಾತಾಡುತ್ತಾರೆ. ಮನೆಯೊಳಗೆ ಯಾವ ನುಡಿ ಉಳಿಯಿತೆಂದು ಯಾರೂ ವಿಚಾರಿಸುವುದಿಲ್ಲ.

ಈ ಪ್ರಕಾರದ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಮದರಾಸಿನಲ್ಲೇ ಉಳಿಯಿತು, ಕಾಸರಗೋಡು ಕೇರಳಕ್ಕೆ ಸೇರಿತು. ನಕ್ಷೆಯ ಬಣ್ಣ ಒಂದೇ ದಿನ ಬದಲಾಯಿತು. ಅಡುಗೆಮನೆಯ ಮಾತು ಬದಲಾಗಲಿಲ್ಲ. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯಿದೆ, ಕೇರಳದ 2017ರ ಮಲಯಾಳ ಕಲಿಕೆಯ ಕಾಯಿದೆ ಬಂದಾಗ ಎರಡೂ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಆತಂಕ ಹುಟ್ಟಿತು. ನೆಲದ ಭಾಷೆಯನ್ನು ಕಲಿಯುವುದು ನೆರೆಹೊರೆಯ ಧರ್ಮ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಮೂರು ತಲೆಮಾರು ಕಳೆದರೂ ಕನ್ನಡ ಪತ್ರಿಕೆ ತರಿಸುವ ಒಂದು ಮನೆಯನ್ನು ಯಾವ ಸರದಿಯ ಲೆಕ್ಕಕ್ಕೆ ಸೇರಿಸುತ್ತೀರಿ? ಅದು ದಂಗೆಯೂ ಅಲ್ಲ, ಕರಗುವಿಕೆಯೂ ಅಲ್ಲ. ಆ ಸ್ಥಿತಿಗೆ ಈ ಆಟಗಳಲ್ಲಿ ಕಾಲಮ್ಮೇ ಇಲ್ಲ.

ನಮ್ಮ ಸೀಮೆಯ ಆಡು-ಹುಲಿ ಆಟದಲ್ಲಿ ಒಬ್ಬರು ಹುಲಿಯ ಕಡೆ ಕೂತರೆ ಇನ್ನೊಬ್ಬರು ಆಡುಗಳ ಕಡೆ ಕೂರಲೇಬೇಕು. ಆಡುಗಳು ಒಟ್ಟಾಗಿ ಹುಲಿಯನ್ನು ಕಟ್ಟಿಹಾಕುತ್ತವೆ. ನಕ್ಷತ್ರಗಳ ಆಟದಲ್ಲಿ ಸಾಮಂತನಾದರೂ ಆಟಗಾರ ಅರಸನೇ. ಒಕ್ಕಲಿನ ಕಡೆ ಜಾಗವಿಲ್ಲ.

ಮಕ್ಕಳಿಂದ ಆಟವನ್ನು ಕಿತ್ತುಕೊಳ್ಳುವುದು ಬೇಡ. ಅವರು ಗ್ರಹವೊಂದನ್ನು ಗೆದ್ದು ಸಂಭ್ರಮಿಸುವಾಗ ಹಿರಿಯರು ಪಕ್ಕದಲ್ಲಿ ಕೂತು, "ಅಲ್ಲಿಯ ಜನ ಮನೆಯಲ್ಲಿ ಏನು ಮಾತಾಡುತ್ತಾರಪ್ಪಾ?" ಎಂದು ಕೇಳಲಿ. ಆಟದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಆದರೆ ಆ ಪ್ರಶ್ನೆ ಕನ್ನಡದಲ್ಲಿ ಬಂದರೆ, ಮಗು ಉತ್ತರವನ್ನೂ ಕನ್ನಡದಲ್ಲಿ ಹುಡುಕಬೇಕಾಗುತ್ತದೆ.