ಬರೋ ತೆಗೆದ ಗಣಿಚಿತ್ರಗಳು

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಳ ಗಾಢಾಂಧಕಾರದೊಳಕ್ಕೆ ಕ್ಯಾಮೆರಾವನ್ನು ಹೊತ್ತಿಳಿದು, ಮೆಗ್ನೀಸಿಯಂ ಜ್ವಾಲೆಯ ಕ್ಷಣಿಕ ಪ್ರಭೆಯಲ್ಲಿ ಜೆ. ಸಿ. ಬರೋ ಸೆರೆಹಿಡಿದು, 1893ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಛಾಯಾಚಿತ್ರಗಳಷ್ಟು ಶ್ರಮಜೀವಿಯ ಘನತೆಯನ್ನು ಕಾಪಾಡಿರುವ ಚಿತ್ರಗಳು ವಿರಳವೆಂದೇ ನನ್ನ ಭಾವನೆ. ಗಡುಸು ಟೋಪಿಯ ಮುಂಭಾಗಕ್ಕೆ ಜೇಡಿಮಣ್ಣಿನ ಮುದ್ದೆಯಿಂದ ಅಂಟಿಸಿದ ಬತ್ತಿಯೊಂದು, ಅಂಗಿಯ ಗುಂಡಿಗೆ ತೂಗುಬಿಟ್ಟ ಮತ್ತೆರಡು ಬತ್ತಿಗಳು: ಪಾತಾಳದಲ್ಲಿ ಗಣಿಗರ ಸೂರ್ಯಚಂದ್ರರು ಇವೇ. ಡಾಲ್ಕೋತ್ ಗಣಿಯಲ್ಲಿ, ಏರಿಳಿಯುವ ಮಹಾತೊಲೆಯ ಮೆಟ್ಟಿಲನ್ನೇರಿ, ಅದು ತಡೆದು ನಿಂತ ಕ್ಷಣಾರ್ಧದೊಳಗೆ ಗೋಡೆಯ ಬದಿಯ ಹಲಗೆಗೆ ದಾಟಿ, ಪುನಃ ತೊಲೆಯನ್ನೇ ಆಶ್ರಯಿಸಿ ಮೇಲೇರುತ್ತಿದ್ದವರ ಮುಖದಲ್ಲಿ ಭಯವಿಲ್ಲ, ಕೇವಲ ಏಕಾಗ್ರತೆಯಿದೆ. ಅದೇ ಗಣಿಯ 412 ಫ್ಯಾದಮ್ ಆಳದಲ್ಲಿ, ಬೃಹತ್ ದಿಮ್ಮಿಗಳ ಆಸರೆಯ ಕೆಳಗೆ ನಿಂತವರನ್ನೂ ಬರೋ ಚಿತ್ರಿಸಿದನು. 1893ರ ಸೆಪ್ಟೆಂಬರಿನಲ್ಲಿ ಅಲ್ಲಿಯ ದಿಮ್ಮಿಗಳು ಕುಸಿದು ಏಳು ಮಂದಿ ಮಡಿದರು.