ರಾಜ್ಯಕ್ಕೊಂದೇ ಮತ: ಅಮೆರಿಕ ತಿದ್ದದೆ ಬಿಟ್ಟ ದೋಷ

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೂ ಎಲೆಕ್ಟೋರಲ್ ಮತಗಳ ಬಹುಮತ ಸಿಗದಿದ್ದರೆ ತೀರ್ಮಾನ ಪ್ರತಿನಿಧಿಗಳ ಸಭೆಗೆ ಹೋಗುತ್ತದೆ. ಅಲ್ಲಿಯವರೂ ಜನ ಆರಿಸಿ ಕಳಿಸಿದವರೇ. ಆ ಮಟ್ಟಿಗೆ ಆಕ್ಷೇಪವಿಲ್ಲ. ಕೆಟ್ಟಿರುವುದು ಮತ ಎಣಿಸುವ ಬಗೆ. ಸದಸ್ಯರಿಗೆ ತಲೆಗೊಂದು ಮತವಿಲ್ಲ, ರಾಜ್ಯಕ್ಕೊಂದು. 52 ಸದಸ್ಯರ ಕ್ಯಾಲಿಫೋರ್ನಿಯಕ್ಕೂ ಒಂದು, ಒಬ್ಬರೇ ಇರುವ ವ್ಯೋಮಿಂಗ್‌ಗೂ ಒಂದು. ಸದಸ್ಯರು ಸರಿಸಮ ಒಡೆದರೆ ಆ ರಾಜ್ಯ ಲೆಕ್ಕಕ್ಕೇ ಇಲ್ಲ. 26 ರಾಜ್ಯ ಗೆದ್ದವರು ಅಧ್ಯಕ್ಷರು.

1801ರಲ್ಲಿ ಥಾಮಸ್ ಜೆಫರ್ಸನ್, ಆರನ್ ಬರ್ ತಲಾ 73 ಮತ ಪಡೆದು ನಿಂತರು. 16 ರಾಜ್ಯಗಳಲ್ಲಿ 9 ಬೇಕಿತ್ತು. 35 ಸುತ್ತು ಕಳೆದರೂ ಜೆಫರ್ಸನ್‌ಗೆ 8, ಬರ್‌ಗೆ 6. ವರ್ಮಾಂಟ್, ಮೇರಿಲ್ಯಾಂಡ್ ಎರಡೂ ಒಡೆದಿದ್ದವು. ಮೇರಿಲ್ಯಾಂಡಿನ ಜೋಸೆಫ್ ನಿಕೋಲ್ಸನ್‌ಗೆ ಜೋರು ಜ್ವರ. ಅವರೊಬ್ಬರು ಬಾರದಿದ್ದರೆ ಇಡೀ ರಾಜ್ಯ ಬರ್ ಪಾಲಾಗುತ್ತಿತ್ತು. ಹಾಗಾಗಿ ಹಿಮದಲ್ಲೇ ಅವರನ್ನು ಹೊತ್ತು ತಂದು, ಮಲಗಿದಲ್ಲಿಂದಲೇ ಮತ ಹಾಕಿಸಿದರು. 36ನೇ ಸುತ್ತಿನಲ್ಲಿ ಬರ್ ಪರ ನಿಂತಿದ್ದ ಫೆಡರಲಿಸ್ಟ್ ಪಕ್ಷದ ಕೆಲವರು ಪಕ್ಕಕ್ಕೆ ಸರಿದ ಮೇಲಷ್ಟೇ ಗಂಟು ಬಿಚ್ಚಿ ಜೆಫರ್ಸನ್ ಗೆದ್ದರು.

1804ರ ಹನ್ನೆರಡನೇ ತಿದ್ದುಪಡಿ ಅಧ್ಯಕ್ಷ, ಉಪಾಧ್ಯಕ್ಷರ ಮತಗಳನ್ನು ಬೇರೆ ಮಾಡಿತು. ರಾಜ್ಯಕ್ಕೊಂದು ಮತದ ತಂಟೆಗೆ ಮಾತ್ರ ಹೋಗಲಿಲ್ಲ.

ಅದರ ಫಲ 1825ರಲ್ಲಿ ಕಂಡಿತು. ಆಂಡ್ರ್ಯೂ ಜಾಕ್ಸನ್‌ಗೆ 99 ಎಲೆಕ್ಟೋರಲ್ ಮತ, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84; ಯಾರಿಗೂ ಬಹುಮತವಿಲ್ಲ. ಸಭೆ ಮೊದಲ ಸುತ್ತಿನಲ್ಲೇ ಆಡಮ್ಸ್‌ರನ್ನು ಆರಿಸಿತು. ಅವರನ್ನು ಬೆಂಬಲಿಸಿದ ಸ್ಪೀಕರ್ ಹೆನ್ರಿ ಕ್ಲೇ ವಿದೇಶಾಂಗ ಮಂತ್ರಿಯಾದರು. ಜಾಕ್ಸನ್ ಕಡೆಯವರು ಇದನ್ನು ಭ್ರಷ್ಟ ಒಪ್ಪಂದವೆಂದು ಜರೆದರು. ಇತಿಹಾಸದ ಪುಸ್ತಕಗಳು ಈ ಜಗಳವನ್ನೇ ಹಿಗ್ಗಿಸುತ್ತವೆ. ನನಗೆ ಹೆಚ್ಚು ನೋವಾಗುವುದು ಕೆಂಟಕಿಯ ಕಥೆ ಓದಿದಾಗ. ಅಲ್ಲಿನ ಶಾಸನಸಭೆ ಜಾಕ್ಸನ್‌ಗೆ ಮತ ಹಾಕಿ ಎಂದು ತನ್ನ ಪ್ರತಿನಿಧಿಗಳಿಗೆ ಹೇಳಿ ಕಳಿಸಿತ್ತು. ಎಂಟು ಮಂದಿ ಆಡಮ್ಸ್ ಕಡೆ, ನಾಲ್ವರು ಜಾಕ್ಸನ್ ಕಡೆ. ರಾಜ್ಯ ಆಡಮ್ಸ್‌ಗೆ ಹೋಯಿತು. ಇಲಿನಾಯ್‌ಗೆ ಇದ್ದದ್ದು ಒಬ್ಬನೇ ಸದಸ್ಯ, ಅವನ ಮನಸ್ಸೇ ರಾಜ್ಯದ ಮನಸ್ಸು. ನ್ಯೂಯಾರ್ಕಿನ 34ರಲ್ಲಿ 18 ಮತ ಆಡಮ್ಸ್‌ಗೆ ಬಿದ್ದು ರಾಜ್ಯ ಅವರ ಕೈಗೆ ಬಂತು. ಆಡಮ್ಸ್ ಗೆದ್ದದ್ದು 24ರಲ್ಲಿ 13 ರಾಜ್ಯ, ಒಂದೂ ಹೆಚ್ಚಿಲ್ಲ. ನ್ಯೂಯಾರ್ಕಿನ ಒಬ್ಬ ಸದಸ್ಯ ಆಚೆ ವಾಲಿದ್ದರೆ ಆ ಸುತ್ತು ವ್ಯರ್ಥವಾಗುತ್ತಿತ್ತು. ಒಬ್ಬನ ಮತಕ್ಕೆ ಇಷ್ಟು ಬೆಲೆ ಬಂದ ಕಡೆ ಚೌಕಾಸಿ ನಡೆಯದೆ ಇದ್ದೀತೆ?

ಸಣ್ಣ ರಾಜ್ಯಗಳ ಸಮಾನತೆ ಕಾಯಬೇಕು ಎನ್ನುತ್ತಾರೆ. ಅದಕ್ಕೆ ಸೆನೆಟ್ ಇದೆ. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: 1801ರಲ್ಲಿ ತಲೆಗೊಂದು ಮತವಿದ್ದಿದ್ದರೆ, ಬಹುಮತವಿದ್ದ ಫೆಡರಲಿಸ್ಟರು ಬರ್‌ರನ್ನೇ ಕೂರಿಸಬಹುದಿತ್ತು. ನಿಜ. ಆದರೆ ಅದು ಆಗಷ್ಟೇ ಚುನಾವಣೆಯಲ್ಲಿ ಸೋತ ಹಳೆಯ ಸಭೆ. 1933ರ ಇಪ್ಪತ್ತನೇ ತಿದ್ದುಪಡಿಯಿಂದಾಗಿ ಈಗ ಹೊಸ ಸದಸ್ಯರ ಅವಧಿ ಜನವರಿ 3ಕ್ಕೇ ಶುರುವಾಗುತ್ತದೆ, ಹೊಸ ಅಧ್ಯಕ್ಷರದು 20ಕ್ಕೆ. ಹೊಸದಾಗಿ ಗೆದ್ದು ಬಂದವರಿಗೆ ತಲೆಗೊಂದು ಮತ ಕೊಡಲು ಇನ್ನಾವ ಅಡ್ಡಿಯೂ ಉಳಿದಿಲ್ಲ. ಇಂದಿನ ಎಲೆಕ್ಟೋರಲ್ ಮತಗಳು 538. 269–269 ಆದ ದಿನ ಕ್ಯಾಲಿಫೋರ್ನಿಯದ ಆ 52 ಮಂದಿ ಒಟ್ಟು ಸೇರಿದರೂ ವ್ಯೋಮಿಂಗಿನ ಒಬ್ಬರಿಗಷ್ಟೇ ಸಮ.